ಸೈನಿಕನ ಬೆನ್ನು, ಸರಕಾರದ ಹೊಣೆ
(ಶ್ರೀರಂಗಪಟ್ಟಣದ ಸಭೆಯಲ್ಲಿ ಮಾಡಿದ ಭಾಷಣ)



ಮೂಟೆ ಹೊರುವವರಿಗೆ ಬೆನ್ನುನೋವು ಏನೆಂದು ನಾನು ಹೇಳಬೇಕಾಗಿಲ್ಲ. ಈ ಸೀಮೆಯಿಂದ ಸೈನ್ಯಕ್ಕೆ ಹೋದವರೂ ಭಾರ ಹೊತ್ತವರೇ. ಬೆನ್ನುಮೂಳೆ ಸವೆದು ಊರಿಗೆ ಮರಳಿ ಪಿಂಚಣಿ ಕೇಳಿದರೆ ಎಷ್ಟೋ ಜನರಿಗೆ ಬರುವ ಉತ್ತರ ಒಂದೇ: ರೋಗ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ.

ಸೇರುವಾಗ ಸರಕಾರದ ವೈದ್ಯರೇ ಪರೀಕ್ಷಿಸಿ ದೇಹ ಸರಿಯಿದೆಯೆಂದು ಬರೆದುಕೊಂಡರಲ್ಲ! 2013ರಲ್ಲಿ ಧರ್ಮವೀರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು: ಸೇರುವಾಗ ದಾಖಲಾಗದ ರೋಗ ಸೇವೆಯಿಂದಲೇ ಬಂದಿತೆಂದು ಭಾವಿಸಬೇಕು, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಸರಕಾರದ್ದು. 2023ರ ಸೆಪ್ಟೆಂಬರ್ 21ರ ಮೇಲೆ ಸೇವೆ ಬಿಟ್ಟವರಿಗೆ ಬೇರೆ ನಿಯಮಗಳಿವೆ. ಅವರು ಅದನ್ನು ತಿಳಿದು ಮುಂದುವರಿಯಲಿ.

ದಾರಿ ಹೀಗಿದೆ. ವೈದ್ಯಮಂಡಳಿಯ ವರದಿಯ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಿ. ಆರು ತಿಂಗಳೊಳಗೆ ಮೊದಲ ಅಪೀಲು, ಅದು ಬಿದ್ದರೆ ಎರಡನೆಯದು, ಆಮೇಲೆ 2007ರ ಕಾಯಿದೆಯಂತೆ ಆದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬೆಂಗಳೂರು ಪೀಠ. ವರ್ಷಗಳು ಕಳೆದವೆಂದು ಕೈಚೆಲ್ಲಬೇಡಿ. ಪಿಂಚಣಿ ತಿಂಗಳು ತಿಂಗಳು ಸಲ್ಲಬೇಕಾದದ್ದು. 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ತಡವಾದರೂ ಕೇಳಬಹುದು. ಆದರೆ ಬಾಕಿ ಹಣ ಹಿಂದಿನ 3 ವರ್ಷಕ್ಕೆ ಮಾತ್ರ. ಸುಮ್ಮನಿದ್ದ ಪ್ರತಿ ತಿಂಗಳೂ ನಷ್ಟವೇ.

ನಮಗೆ ಯೂನಿಯನ್ ಇದೆ. ಸಮವಸ್ತ್ರ ತೊಟ್ಟವನಿಗೆ ಸಂಘ ಕಟ್ಟುವ ಹಕ್ಕಿರಲಿಲ್ಲ. ಒಂಟಿಯಾಗಿಯೇ ಊರಿಗೆ ಬಂದ. ಅಂಗಡಿಯವರೇ, ಅವನ ಕಡದ ಲೆಕ್ಕ ನಿಮ್ಮಲ್ಲಿದೆ. ಅವನ ಪೆಟ್ಟಿಗೆಯಲ್ಲಿರುವ ಕಾಗದವನ್ನೂ ತರಹೇಳಿ. ಮಿಲ್ಲಿನ ಗೆಳೆಯರೇ, ಅಪೀಲು ಬರೆಸುವ ಕೆಲಸ ನಮ್ಮ ಸಂಘದ್ದಾಗಲಿ.