ವಿದ್ಯುತ್ ಮಾರ್ಗದ ಸಮೀಪದ ಕಟ್ಟಡ: ಅಪಾಯವನ್ನು ಕಾನೂನು ಅಳೆಯುವ ಬಗೆ



ಅಪಾಯಕಾರಿ ಕಟ್ಟಡವೆಂದೊಡನೆ ಗೋಡೆ ಬಿರಿದ ಹಳೆಯ ಮನೆ ನೆನಪಾಗುತ್ತದೆ. ವಿದ್ಯುತ್ ಮಾರ್ಗದ ವಿಷಯದಲ್ಲಿ ಮಾತ್ರ ಕಾನೂನು ಕಟ್ಟಡದ ವಯಸ್ಸನ್ನಾಗಲಿ ಗಟ್ಟಿತನವನ್ನಾಗಲಿ ನೋಡುವುದಿಲ್ಲ. ತಂತಿಗೂ ಕಟ್ಟಡಕ್ಕೂ ನಡುವಣ ಅಂತರವನ್ನು ನೋಡುತ್ತದೆ. ನಿನ್ನೆ ಗೃಹಪ್ರವೇಶವಾದ ಮನೆಯೂ ಈ ಅರ್ಥದಲ್ಲಿ ಅಪಾಯಕಾರಿಯಾಗಬಹುದು.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳಂತೆ, 650 ವೋಲ್ಟ್ ಮೀರದ ಮಾರ್ಗವು ತಾರಸಿಯ ಅತ್ಯುನ್ನತ ಭಾಗದಿಂದ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರವಿರತಕ್ಕದ್ದು. 11 ಕಿಲೋವೋಲ್ಟ್ ಮಾರ್ಗಕ್ಕೆ ಮೇಲಕ್ಕೆ 3.7, ಪಕ್ಕಕ್ಕೆ 1.2 ಮೀಟರ್, 33 ಕಿಲೋವೋಲ್ಟ್ ಮಾರ್ಗಕ್ಕೆ 3.7 ಮತ್ತು 2 ಮೀಟರ್. 66 ಕಿಲೋವೋಲ್ಟ್ ಮಾರ್ಗಕ್ಕೆ 4 ಮತ್ತು 2.3 ಮೀಟರ್.

ತಂತಿಯು ಬಿಸಿಲಿಗೂ ವಿದ್ಯುತ್ ಹೊರೆಗೂ ಕಾದು ಜೋಲುತ್ತದೆ, ಗಾಳಿಗೆ ಪಕ್ಕಕ್ಕೆ ತೂಗುತ್ತದೆ. ಆ ಗರಿಷ್ಠ ಜೋಲನ್ನೂ ತೂಗಾಟವನ್ನೂ ಲೆಕ್ಕ ಹಿಡಿದೇ ಈ ಅಂತರವನ್ನು ನೋಡಬೇಕು. ಆದುದರಿಂದ ಕಣ್ಣಳತೆ ಸಾಲದು. ತಾರಸಿಯ ಮೇಲಿಂದ ಕೋಲನ್ನೋ ಟೇಪನ್ನೋ ಎತ್ತಿ ಅಳೆಯುವುದಂತೂ ಪ್ರಾಣಾಂತಿಕ. ಅಳತೆಯನ್ನು ವಿದ್ಯುತ್ ಸರಬರಾಜು ಕಂಪನಿಯವರಿಂದಲೇ ಮಾಡಿಸಬೇಕು.

ಇನ್ನು, ಮಾರ್ಗ ಮೊದಲೋ ಮನೆ ಮೊದಲೋ ಎಂಬುದು ಮುಖ್ಯ ಪ್ರಶ್ನೆ. ಮಾರ್ಗವಿರುವೆಡೆ ಹೊಸದಾಗಿ ಕಟ್ಟುವವರು ಅಥವಾ ಮಹಡಿ ಏರಿಸುವವರು ಕಂಪನಿಗೂ ವಿದ್ಯುತ್ ಪರಿವೀಕ್ಷಕರಿಗೂ ಮುಂಚಿತವಾಗಿ ತಿಳಿಸಬೇಕು. ಮಾರ್ಗ ಎಳೆದ ನಂತರ ಬಂದ ರಚನೆಯು ವಿದ್ಯುತ್ ಸಾಗಣೆಗೆ ಅಡ್ಡಿಯಾದರೆ, 2003ರ ವಿದ್ಯುಚ್ಛಕ್ತಿ ಅಧಿನಿಯಮದ 68ನೇ ಪ್ರಕರಣದಂತೆ, ಕಂಪನಿಯ ಅರ್ಜಿಯ ಮೇಲೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರವು ಅದನ್ನು ತೆರವುಗೊಳಿಸಬಹುದು. ಮನೆಯೇ ಮೊದಲಿದ್ದರೆ, ನಿಯಮಿತ ಅಂತರ ಬಿಟ್ಟು ಮಾರ್ಗ ಎಳೆಯುವ ಹೊಣೆ ಕಂಪನಿಯದು.

ಯಾವುದು ಮೊದಲೆಂದು ತೋರಿಸಲು ಬಡವನ ಕೈಯಲ್ಲಿ ಹಲವೊಮ್ಮೆ ಕಾಗದವಿರುವುದಿಲ್ಲ. ನಮ್ಮ ತೆರಿಗೆ ವಹಿಯೂ ಪರವಾನಗಿ ಕಡತವೂ ಆತನಿಗೆ ಆಧಾರ. ಅವುಗಳಲ್ಲಿ ದಿನಾಂಕ ಸರಿಯಾಗಿಲ್ಲದಿದ್ದರೆ ಆತನ ನ್ಯಾಯವಾದ ವಾದವೂ ನಿಲ್ಲುವುದು ಕಷ್ಟ.

ಕಟ್ಟಡಕ್ಕೆ ಅನುಮತಿ ನೀಡುವ ಅಧಿಕಾರ ಗ್ರಾಮ ಪಂಚಾಯಿತಿಗಿದೆ. ಆದಕಾರಣ ಸದಸ್ಯರಲ್ಲಿ ಮೂರು ವಿನಂತಿಗಳು. ಸ್ಥಳ ಪರಿಶೀಲನೆಯಲ್ಲಿ ಚಕ್ಕುಬಂದಿಯೊಂದಿಗೆ ತಲೆಯ ಮೇಲಿನ ತಂತಿಯನ್ನೂ ನಮೂದಿಸಿರಿ. ತಂತಿಯಿದ್ದಲ್ಲಿ ಕಂಪನಿಯ ಲಿಖಿತ ಅಭಿಪ್ರಾಯ ಬರುವವರೆಗೆ ಪರವಾನಗಿಗೆ ಒತ್ತಾಯಿಸದಿರಿ. ಈಗಾಗಲೇ ತಂತಿಯಡಿ ವಾಸವಿರುವ ಕುಟುಂಬಗಳ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸಿ, ಮಾರ್ಗ ಸ್ಥಳಾಂತರಕ್ಕಾಗಿ ಸಭೆಯ ನಿರ್ಣಯದೊಡನೆ ಕಂಪನಿಗೆ ಕಳುಹಿಸೋಣ.

ಮತದಾರರು ಮಹಡಿಗೆ ಅನುಮತಿ ಕೇಳಿದಾಗ ತಡೆಯುವುದು ಸುಲಭವಲ್ಲ. ಆದರೆ ಕಂಬಿ ಎತ್ತುವ ಕೂಲಿಕಾರನ ಮತ್ತು ತಾರಸಿಯಲ್ಲಿ ಆಡುವ ಮಗುವಿನ ಜೀವ ಆ ಅಂತರದಲ್ಲೇ ಇದೆ.