ಶಿಲ್ಪಿಯ ಕುಲ, ಶಿಲ್ಪಿಯ ಹೆಸರು



ರಷ್ಯದ ರಾಣಿ ಎರಡನೆಯ ಕ್ಯಾಥರೀನಳಿಗಾಗಿ ತ್ಸಾರ್‌ಸ್ಕೊಯೆ ಸೆಲೊದಲ್ಲಿ ಸೌಧಗಳನ್ನು ನಿರ್ಮಿಸಿದ ಚಾರ್ಲ್ಸ್ ಕ್ಯಾಮರನ್, ತಾನು ಸ್ಕಾಟ್ಲೆಂಡಿನ ಲೋಕೀಲ್ ಮನೆತನದ ಕುಲೀನನೆಂದು ಹೇಳಿಕೊಂಡಿದ್ದನು. ವಾಸ್ತವವಾಗಿ ಅವನ ತಂದೆ ಲಂಡನ್ನಿನ ಬಡಗಿ. 1812ರಲ್ಲಿ ಪೀಟರ್ಸ್‌ಬರ್ಗಿನಲ್ಲಿಯೇ ಅವನು ತೀರಿಕೊಂಡನು.

ಈ ಸಂಗತಿಯಿಂದ ನನಗೆ ನೆನಪಾಗುವುದು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ಹೊಯ್ಸಳರ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಅದರ ದಕ್ಷಿಣ ಭಿತ್ತಿಯ ವಿಗ್ರಹಗಳಲ್ಲಿ ಬೈಚೋಜನ ಹೆಸರಿದೆ, ಉತ್ತರದವುಗಳಲ್ಲಿ ಮಲ್ಲಿತಮ್ಮನದು. ಬೈಚೋಜನು ದೂರದ ನಂದಿಯಿಂದ ಬಂದವನು. ಹೆಸರಿನ ಕೊನೆಯ ‘ಓಜ’ ಎಂಬುದೇ ಕಸುಬಿನ ಗುರುತು. ಅದನ್ನು ಅವನು ಮರೆಮಾಚಲಿಲ್ಲ, ಕಲ್ಲಿನಲ್ಲಿ ಕೊರೆದನು.

ಕ್ಯಾಮರನ್ನನ ಕಂಬಸಾಲುಗಳಿಗೆ ರೂಪ ಕೊಟ್ಟವನೂ ಬಡಗಿಯ ಮಗನೇ. ಹಾಗೆಂದು ಹೇಳಿಕೊಳ್ಳುವ ಧೈರ್ಯ ಮಾತ್ರ ನಮ್ಮ ಬೈಚೋಜನಿಗಿದ್ದಿತು.