ಬರವಣಿಗೆಗೂ ಬೇಕು ಒಂದು ಬೇಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞತೆಗಳು. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವುದರಿಂದ ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ನೀವು ಎಣಿಸಿರಬಹುದು. ನಾನು ಹೇಳಹೊರಟಿರುವುದು ಇದೇ ಶಾಲೆಯಲ್ಲಿ ನನಗಿಂತ ನಾಲ್ಕು ತರಗತಿ ಹಿಂದೆ ಓದಿದ ನನ್ನ ತಂಗಿಯ ಕೆಲಸದ ಬಗ್ಗೆ. ಅವಳು ಕನ್ನಡದಲ್ಲಿ ಎಂ.ಎ. ಮಾಡಿ, ಈಗ ತಾಲ್ಲೂಕು ಕೇಂದ್ರದ ತನ್ನ ಮನೆಯಲ್ಲೇ ಕುಳಿತು ಜಾಹೀರಾತು ಬರೆದು ಸಂಪಾದಿಸುತ್ತಾಳೆ. ‘ಕನ್ನಡ ಓದಿದರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಕೇಳುವ ತಂದೆತಾಯಿಯರು ಇಲ್ಲಿಯೂ ಇದ್ದೀರಿ. ತುಂಬುತ್ತದೆ. ಆದರೆ ಚೆನ್ನಾಗಿ ಬರೆಯಲು ಬಂದರಷ್ಟೇ ಸಾಲದು, ಆ ಕೆಲಸಕ್ಕೊಂದು ವ್ಯವಸ್ಥೆ ಬೇಕು. ಇಷ್ಟೇ ನನ್ನ ಮಾತಿನ ಸಾರ.

ಈ ಕೆಲಸಕ್ಕೆ ಕಾಪಿರೈಟಿಂಗ್ ಎನ್ನುತ್ತಾರೆ. ಕೃತಿಸ್ವಾಮ್ಯ ಎಂಬ ಅರ್ಥದ ಕಾಪಿರೈಟ್ ಬೇರೆ, ಇದು ಬೇರೆ. ಸೋಪಿನ ಪೊಟ್ಟಣದ ಮೇಲಿನ ಸಾಲು, ಬೀಜದ ಕಂಪನಿಯ ಕರಪತ್ರ, ಮೊಬೈಲ್ ಆ್ಯಪಿನ ಗುಂಡಿಯ ಮೇಲಿನ ಪದ, ಇವನ್ನೆಲ್ಲ ಯಾರೋ ಕುಳಿತು ಬರೆದಿರುತ್ತಾರೆ. ಜಾಹೀರಾತು ಲೋಕದಲ್ಲಿ ದೊಡ್ಡ ಹೆಸರಾದ ಡೇವಿಡ್ ಓಗಿಲ್ವಿ ಮೊದಲು ಸ್ಕಾಟ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಅಡುಗೆ ಒಲೆ ಮಾರುತ್ತಿದ್ದವರು. 1935ರಲ್ಲಿ ಅವರು ಒಲೆ ಮಾರುವ ಬಗೆಯನ್ನು ಉಳಿದ ಮಾರಾಟಗಾರರಿಗಾಗಿ ಒಂದು ಕೈಪಿಡಿಯಾಗಿ ಬರೆದುಕೊಟ್ಟರು. ಅಂದರೆ, ಹೆಸರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ತಮ್ಮ ಕೆಲಸದ ಕ್ರಮವನ್ನು ಬರೆದಿಟ್ಟಿದ್ದರು.

ನನ್ನ ತಂಗಿಗೆ ಮೊದಲ ಎರಡು ವರ್ಷ ಕೆಲಸಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಹಣಕ್ಕೆ. ಭಾವನವರ ಅಂಗಡಿ ಮುಚ್ಚಿದ ಮೇಲೆ ಮನೆ ಅವಳ ಸಂಪಾದನೆಯಿಂದಲೇ ನಡೆಯಬೇಕಿತ್ತು. ಒಂದು ಕಂಪನಿ ಹದಿನಾಲ್ಕು ಕರಪತ್ರ ಬರೆಸಿಕೊಂಡು ಐದು ತಿಂಗಳಾದರೂ ದುಡ್ಡು ಕೊಡಲಿಲ್ಲ. ಎಲ್ಲವೂ ಫೋನಿನ ಮಾತು, ತೋರಿಸಲು ಒಂದು ಕಾಗದವಿಲ್ಲ. ಮಗಳ ಶುಲ್ಕಕ್ಕೆ ಬಳೆ ಒತ್ತೆ ಇಟ್ಟಳು. ‘ಅಣ್ಣಾ, ಇದನ್ನು ಬಿಟ್ಟು ಯಾವುದಾದರೂ ಅಂಗಡಿಯಲ್ಲಿ ಬಿಲ್ ಬರೆಯೋಕೆ ಸೇರ್ತೀನಿ’ ಅಂದಳು. ಬೆಳೆ ಚೆನ್ನಾಗಿತ್ತು, ಹೊಲಕ್ಕೆ ಬೇಲಿ ಇರಲಿಲ್ಲ. ಮತ್ತೆ ಮತ್ತೆ ಮಾಡುವ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬರೆದಿಡುವುದು ನಮ್ಮ ಸಾಫ್ಟ್‌ವೇರ್ ವೃತ್ತಿಯ ಅಭ್ಯಾಸ. ಆ ವರ್ಷದ ದಸರಾ ರಜೆಯಲ್ಲಿ ಇಬ್ಬರೂ ಕೂತು ಅವಳ ಕೆಲಸವನ್ನು ಹಾಗೆ ಬರೆದೆವು. ನಾಲ್ಕು ಹಾಳೆಗಳಾದವು.

ಮೊದಲ ಹಾಳೆ ಪ್ರಶ್ನೆಗಳದು. ಇದನ್ನು ಓದುವವರು ಯಾರು? ಓದಿ ಏನು ಮಾಡಬೇಕು? ಎಲ್ಲಿ ಅಚ್ಚಾಗುತ್ತದೆ? ಹೇಳುವ ಮಾತಿಗೆ ಆಧಾರವೇನು? ಕೊನೆಗೆ ಒಪ್ಪಿಗೆ ಕೊಡುವವರು ಯಾರು? ಗಿರಾಕಿ ಇವಕ್ಕೆ ಉತ್ತರ ಬರೆದು ಕಳಿಸುವವರೆಗೆ ಅವಳು ಒಂದಕ್ಷರವೂ ಬರೆಯುವುದಿಲ್ಲ.

ಎರಡನೆಯದು ಒಪ್ಪಂದ. ಒಂದೇ ಪುಟ, ಸರಳ ಭಾಷೆ. ಅರ್ಧ ಹಣ ಮುಂಗಡ, ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ಬೇರೆ ದರ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಸಂಬಳದ ನೌಕರಿಯಲ್ಲಿ ಬರೆದದ್ದಲ್ಲದಿದ್ದರೆ ಸಾಮಾನ್ಯವಾಗಿ ಬರಹದ ಮೊದಲ ಒಡೆತನ ಬರೆದವರದೇ. ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಲು ಲಿಖಿತ ಪತ್ರ ಬೇಕು. ಆದ್ದರಿಂದ ‘ಪೂರ್ತಿ ಹಣ ಸಂದ ಮೇಲೆ ಹಕ್ಕು ನಿಮ್ಮದು’ ಎಂಬ ಒಂದು ಸಾಲು ಅಲ್ಲಿದೆ.

ಮೂರನೆಯದು ಕಳಿಸುವ ಮುನ್ನ ನೋಡುವ ಪಟ್ಟಿ. ಬೆಲೆ, ದಿನಾಂಕ, ಫೋನ್ ಸಂಖ್ಯೆ ಸರಿ ಇವೆಯೇ? ಅಕ್ಷರಗಳು ಯೂನಿಕೋಡ್‌ನಲ್ಲಿವೆಯೇ? ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಕನ್ನಡ ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುವುದುಂಟು. ಇಂಗ್ಲಿಷಿಗೆಂದು ಅಳೆದ ಸಣ್ಣ ಗುಂಡಿಯಲ್ಲಿ ಕನ್ನಡ ಹಾಕಿದರೆ ಒತ್ತಕ್ಷರದ ಕೆಳತುದಿ ಕತ್ತರಿಸಿಹೋಗುತ್ತದೆ. ಅದಕ್ಕೇ ಅವಳು ಪ್ರತಿ ಸಾಲನ್ನೂ ಫೋನಿನ ಪರದೆಯ ಮೇಲೆ ನೋಡುತ್ತಾಳೆ. ಕೊನೆಗೆ, ಗಟ್ಟಿಯಾಗಿ ಓದುತ್ತಾಳೆ. ಇದನ್ನು ನಮಗೆ ಕಲಿಸಿದ್ದು ಯಾವ ಕಂಪನಿಯೂ ಅಲ್ಲ, ಈ ಶಾಲೆಯ ಕನ್ನಡ ಮೇಷ್ಟ್ರು. ಬಾಯಲ್ಲಿ ಎಡವುವ ವಾಕ್ಯ ಕಣ್ಣಿಗೂ ಎಡವುತ್ತದೆ ಎನ್ನುತ್ತಿದ್ದರು.

ನಾಲ್ಕನೆಯದು ಲೆಕ್ಕ. ದರವನ್ನು ಊಹೆಯಿಂದ ಹೇಳಬಾರದು. ತಿಂಗಳಿಗೆ 25 ದಿನ, ದಿನಕ್ಕೆ 6 ಗಂಟೆ ಎಂದರೆ 150 ಗಂಟೆ. ಅದರಲ್ಲಿ ಅರ್ಧ ಹೊತ್ತು ಗಿರಾಕಿ ಹುಡುಕುವುದಕ್ಕೆ, ಫೋನಿಗೆ, ಲೆಕ್ಕಕ್ಕೆ ಹೋಗುತ್ತದೆ. ಉಳಿಯುವುದು 75. ಮನೆಗೆ 30,000 ರೂಪಾಯಿ ಬೇಕಾದರೆ ಗಂಟೆಗೆ 400 ಬರಲೇಬೇಕು. ಕಾಯಿಲೆಯ ದಿನ, ಕೆಲಸವಿಲ್ಲದ ತಿಂಗಳು ಸೇರಿಸಿದರೆ 500. ಕೆಲಸ ಮುಗಿದ ದಿನವೇ ಬಿಲ್ ಹೋಗುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಬಾಕಿಯವರಿಗೆ ಜ್ಞಾಪನ ಹೋಗುತ್ತದೆ. ಬೇಸರವಿಲ್ಲ, ಸಂಕೋಚವಿಲ್ಲ, ಅದು ಸೋಮವಾರದ ಕೆಲಸ ಅಷ್ಟೇ.

ಇಲ್ಲಿ ಪೋಷಕರು ತಿಳಿದಿರಬೇಕಾದ ಒಂದು ಕಾನೂನಿದೆ. ‘ಉದ್ಯಮ್’ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಹೀಗೆ ನೋಂದಾಯಿಸಿಕೊಂಡ ಅತಿಸಣ್ಣ, ಸಣ್ಣ ಉದ್ದಿಮೆಗಳಿಗೆ 2006ರ ಎಂಎಸ್‌ಎಂಇಡಿ ಕಾಯಿದೆಯ ರಕ್ಷಣೆ ಇದೆ. ಒಪ್ಪಂದದಲ್ಲಿ ಏನೇ ಇದ್ದರೂ 45 ದಿನಗಳ ಒಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ತಂಗಿಯ ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಇದೆ. ಇದುವರೆಗೆ ಜಗಳದ ಪ್ರಮೇಯ ಬಂದಿಲ್ಲ, ಆ ಸಂಖ್ಯೆಯೇ ಮಾತಾಡುತ್ತದೆ.

ಆ ಹಳೆಯ ಬಾಕಿಯಲ್ಲಿ ಅರ್ಧ ಮಾತ್ರ ಬಂತು. ಆದರೆ ಬಳೆ ಮನೆಗೆ ಮರಳಿ ನಾಲ್ಕು ವರ್ಷವಾಯಿತು. ಒಬ್ಬನೇ ಗಿರಾಕಿಯಿಂದ ವರಮಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರದಂತೆ ಅವಳು ನೋಡಿಕೊಳ್ಳುತ್ತಾಳೆ. ಒಬ್ಬರು ಕೈಬಿಟ್ಟರೂ ಒಲೆ ಆರುವುದಿಲ್ಲ. ಕ್ರಮವೆಲ್ಲ ಕಾಗದದ ಮೇಲಿರುವುದರಿಂದ ಈಗ ಅದೇ ಊರಿನ ಇನ್ನಿಬ್ಬರು ಹೆಣ್ಣುಮಕ್ಕಳಿಗೂ ಕೆಲಸ ಹಂಚುತ್ತಾಳೆ. ತಲೆಯಲ್ಲಿದ್ದದ್ದು ಒಬ್ಬರ ಹೊಟ್ಟೆ ತುಂಬಿಸಬಹುದು, ಬರೆದಿಟ್ಟದ್ದು ಮೂವರ ಮನೆ ನಡೆಸುತ್ತದೆ.

‘ಈಗ ಯಂತ್ರವೇ ಬರೆಯುತ್ತದಲ್ಲ’ ಎಂದು ಮಕ್ಕಳು ಕೇಳಬಹುದು. ಬರೆಯುತ್ತದೆ, ನಾನೂ ಅಂಥ ಯಂತ್ರಗಳ ಜೊತೆಗೇ ಕೆಲಸ ಮಾಡುವವನು. ಆದರೆ ರೈತನಿಗೆ ಕೊಡುವ ಕರಪತ್ರದಲ್ಲಿ ಔಷಧಿಯ ಪ್ರಮಾಣ ತಪ್ಪಿದರೆ ಯಂತ್ರ ಬಂದು ಉತ್ತರ ಹೇಳುವುದಿಲ್ಲ. ಪ್ರಶ್ನೆ ಕೇಳಿ, ಪರೀಕ್ಷಿಸಿ, ‘ಇದು ನನ್ನ ಜವಾಬ್ದಾರಿ’ ಎನ್ನುವವರಿಗೆ ಕೆಲಸ ಇದ್ದೇ ಇರುತ್ತದೆ.

ಮಕ್ಕಳೇ, ಹಾಜರಿ ಪುಸ್ತಕ, ವೇಳಾಪಟ್ಟಿ, ಹೊತ್ತಿಗೆ ಸರಿಯಾಗಿ ಬಾರಿಸುವ ಗಂಟೆ, ಇವು ನಮ್ಮನ್ನು ಕಟ್ಟಿಹಾಕಲು ಇವೆ ಎಂದು ನಿಮಗನ್ನಿಸುತ್ತದೆ. ನಮಗೂ ಅನ್ನಿಸುತ್ತಿತ್ತು. ಯಾರ ಕೈಕೆಳಗೂ ಇರದೆ ದುಡಿಯಬೇಕೆನ್ನುವವರು ತಮ್ಮ ಗಂಟೆಯನ್ನು ತಾವೇ ಬಾರಿಸಿಕೊಳ್ಳಬೇಕು. ತಂಗಿ ಆ ನಾಲ್ಕು ಹಾಳೆಗಳ ಪ್ರತಿಗಳನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆಂದು ನನ್ನ ಕೈಲಿ ಕಳಿಸಿದ್ದಾಳೆ. ಮುಖ್ಯೋಪಾಧ್ಯಾಯರು ದಯವಿಟ್ಟು ಸ್ವೀಕರಿಸಬೇಕು. ಹತ್ತನೆಯ ತರಗತಿಯ ಯಾರಾದರೂ ಬೇಸಿಗೆ ರಜೆಯಲ್ಲಿ ಅವಳ ಬಳಿ ಕಲಿಯುವುದಾದರೆ ಬರಲಿ ಎಂದೂ ಹೇಳಿದ್ದಾಳೆ.